ಬಿದ್ದ ಮರ ತಾನೇ ಅಂತ ಮಷಿನ್ ಹಿಡಿಯುವ ಮೊದಲು

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಒಂದು ಸಿಲ್ವರ್ ಓಕ್ ಬೇರು ಸಮೇತ ಮಗುಚಿತು. ಮೈಮೇಲಿದ್ದ ಮೆಣಸಿನ ಬಳ್ಳಿಯನ್ನೂ ಎಳೆದುಕೊಂಡು ಕಾಫಿ ಸಾಲಿಗೆ ಅಡ್ಡ ಬಿತ್ತು. ತುದಿ ಹಲಸಿನ ಮರದ ಕವಲಿನಲ್ಲಿ ಸಿಕ್ಕಿಕೊಂಡಿತ್ತು, ಬುಡ ಅರ್ಧ ಮಣ್ಣಿನಲ್ಲೇ ಇತ್ತು. ಬಿದ್ದ ಮರ ಅಲ್ವಾ, ಕೊಯ್ಯುವುದೇನು ಕಷ್ಟ ಅಂದುಕೊಂಡು ನಾನೇ ಚೈನ್ ಸಾ ತೆಗೆದುಕೊಂಡು ಹೋದೆ. ಎಡ ಭುಜಕ್ಕೆ 14 ಹೊಲಿಗೆ ಬಿತ್ತು. ನಾಲ್ಕು ಬೆರಳು ಆಚೆ ತಾಗಿದ್ದರೆ ಕುತ್ತಿಗೆ.

ಆಗಿದ್ದು ಹೀಗೆ. ಎರಡು ಕಡೆ ಆಧಾರ ಇರುವ ಮರ ನಡುವೆ ಬಾಗಿರುತ್ತದೆ. ಮೇಲಿನ ಭಾಗ ಒತ್ತಿಕೊಂಡಿರುತ್ತದೆ, ಕೆಳಗಿನ ಭಾಗ ಎಳೆದುಕೊಂಡಿರುತ್ತದೆ. ಮೇಲಿಂದ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಕೊಯ್ದು, ಉಳಿದದ್ದನ್ನು ಕೆಳಗಿಂದ ಕೊಯ್ಯಬೇಕು. ನಾನು ಮೇಲಿಂದಲೇ ಕೊಯ್ಯುತ್ತಾ ಹೋದೆ. ಸೀಳು ಮುಚ್ಚಿಕೊಂಡು ಬಾರ್, ಅಂದರೆ ಚೈನ್ ಸುತ್ತುವ ಉದ್ದನೆಯ ಅಲಗು, ಸಿಕ್ಕಿಹಾಕಿಕೊಂಡಿತು. ಹೇಗೋ ಬಿಡಿಸಿ, ಸಿಟ್ಟಿನಲ್ಲಿ ಕೆಳಗಿಂದ ಶುರು ಮಾಡಿದೆ. ಬಳ್ಳಿಯ ಮರೆಯಲ್ಲಿ ಒಂದು ಕೊಂಬೆ ಇದ್ದದ್ದು ಕಾಣಲಿಲ್ಲ. ಬಾರ್ ಮೂತಿಯ ಮೇಲಿನ ಅಂಚು ಅದಕ್ಕೆ ತಾಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಷಿನ್ ಮೇಲಕ್ಕೆ, ನನ್ನ ಕಡೆಗೇ ಎಗರಿತು.

ಇದಕ್ಕೇ ಕಿಕ್‌ಬ್ಯಾಕ್ ಅನ್ನುತ್ತಾರೆ. ಇದನ್ನು ತಡೆಯಲೆಂದೇ ಮುಂದಿನ ಹಿಡಿಯ ಎದುರು ಚೈನ್ ಬ್ರೇಕ್ ಇರುತ್ತದೆ. ಮಣಿಕಟ್ಟು ತಾಗಿದರೂ ಸಾಕು, ಚೈನ್ ಅಲ್ಲೇ ನಿಲ್ಲಬೇಕು. ನನ್ನದು ನಿಲ್ಲಲಿಲ್ಲ. ಆಮೇಲೆ ಪಕ್ಕದ ಕವರ್ ಬಿಚ್ಚಿ ನೋಡಿದರೆ ಮರದ ಹೊಟ್ಟು, ಎಣ್ಣೆ ಸೇರಿ ಬ್ರೇಕ್ ಪಟ್ಟಿಯ ಸುತ್ತ ಗಟ್ಟಿಯಾಗಿ ಕೂತಿತ್ತು. ಮೂರು ತಿಂಗಳಿಂದ ಆ ಕವರನ್ನು ನಾನು ತೆಗೆದೇ ಇರಲಿಲ್ಲ. ಪೆಟ್ರೋಲು, ಟು ಟಿ ಆಯಿಲ್ ಮಾತ್ರ ಸರಿಯಾಗಿ ಅಳೆದು ಹಾಕುತ್ತಿದ್ದೆ.

ದಯವಿಟ್ಟು ಇದೊಂದು ಮಾಡಿ. ಪ್ರತಿ ಸಲ ಕೆಲಸ ಶುರು ಮಾಡುವ ಮುಂಚೆ ಬಾರ್ ಏನಕ್ಕೂ ತಾಗದ ಹಾಗೆ ಮಷಿನ್ ನೆಲದ ಮೇಲಿಟ್ಟು, ಗಟ್ಟಿಯಾಗಿ ಹಿಡಿದು, ರೇಸ್ ಕೊಟ್ಟು, ಬ್ರೇಕ್ ಮುಂದಕ್ಕೆ ತಳ್ಳಿ ನೋಡಿ. ಚೈನ್ ತಕ್ಷಣ ನಿಲ್ಲದಿದ್ದರೆ ಅವತ್ತು ಕೆಲಸ ಬೇಡ. ಸಂಜೆ ಮಷಿನ್ ಆರಿದ ಮೇಲೆ ಕವರ್ ತೆಗೆದು ಹಳೆ ಬ್ರಷ್‌ನಲ್ಲಿ ಉಜ್ಜಿದರೆ ಹತ್ತು ನಿಮಿಷದ ಕೆಲಸ, ಅಷ್ಟೇ.

ನನ್ನ ಚೈನ್ ಮೊಂಡಾಗಿಯೂ ಇತ್ತು. ಹರಿತ ಇದ್ದರೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಹಿಟ್ಟಿನಂಥ ಪುಡಿ ಬಂದರೆ ಅರ ಹಿಡಿಯುವ ಹೊತ್ತಾಗಿದೆ ಅಂತ ಅರ್ಥ. ನಾನು ಅರ ಹುಡುಕುವ ಬದಲು ಮೈಭಾರ ಹಾಕಿ ಒತ್ತುತ್ತಿದ್ದೆ. ಮಳೆ ಅಂತ ಸಡಿಲವಾದ ರೇನ್‌ಕೋಟ್ ಬೇರೆ ಹಾಕಿದ್ದೆ. ಅದರ ತೋಳು ಚೈನಿಗೆ ಸಿಕ್ಕಿ ಸುತ್ತಿಕೊಳ್ಳದೇ ಇದ್ದದ್ದು ದೇವರ ದಯೆ.

ಕರೆಂಟ್ ತಂತಿಗೆ ತಾಗಿದ ಮರವಾದರೆ ಹತ್ತಿರವೂ ಹೋಗಬೇಡಿ. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೆಯೇ ಮುಂದಿನದು.

ಇನ್ನೊಂದು ಮಾತು ಹೇಳಲೇಬೇಕು. ಉಳಿದ ಮರವನ್ನು ಆಮೇಲೆ ಕೊಯ್ಯಲು ಪಕ್ಕದ ಊರಿನ ಅನುಭವಸ್ಥರೊಬ್ಬರನ್ನು ಕರೆಸಿದೆ. ಅವರು ಬಂದವರೇ ಮೊದಲು ಬೇರಿನ ಗುಂಡಿಯ ಹತ್ತಿರ ಯಾರೂ ಇರಬಾರದು ಅಂತ ಎಲ್ಲರನ್ನೂ ದೂರ ಕಳಿಸಿದರು. ಬುಡದ ಹತ್ತಿರ ಕೊಯ್ದು ಮುಗಿಸುತ್ತಿದ್ದ ಹಾಗೆ, ಎದ್ದು ನಿಂತಿದ್ದ ಬೇರಿನ ಹೆಂಟೆ ಮಣ್ಣು ಸಮೇತ ಧಡಾರನೆ ಗುಂಡಿಯೊಳಕ್ಕೆ ವಾಪಸ್ ಕೂತಿತು. ನಾನು ಕೊಯ್ದ ದಿನ, ಮಳೆಗೆ ಮರೆಯಾಗುತ್ತದೆ ಅಂತ ನನ್ನ ಮಗ ಆ ಗುಂಡಿಯಲ್ಲೇ ನಿಂತಿದ್ದ.