ಬಳಸಿದ ಬಟ್ಟೆಯ ಆ್ಯಪ್: ಹೊಲಿಗೆಯ ಒಳಗೆ ನೋಡಿ ಬೆಲೆ ಕಟ್ಟಿ

ಬಳಸಿದ ಬಟ್ಟೆಗಳನ್ನು ಮಾರುವ ಆ್ಯಪ್ ಒಂದನ್ನು ನಾನು ದಾವಣಗೆರೆಯಲ್ಲಿದ್ದುಕೊಂಡು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದರಲ್ಲಿ ಹುಡುಕುವುದು ಹೇಗೆ, ಹಣ ಕಟ್ಟುವುದು ಹೇಗೆ, ಯಾವ ಯಾವ ಬ್ರ್ಯಾಂಡುಗಳು ಸಿಗುತ್ತವೆ ಎಂಬುದನ್ನೆಲ್ಲ ಅನೇಕರು ಈಗಾಗಲೇ ಬರೆದಿರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಬೇರೆಯವರು ಉಟ್ಟು, ತೊಟ್ಟು ಬಿಟ್ಟ ಬಟ್ಟೆಗೆ ಎಷ್ಟು ಹಣ ಕೊಡಬಹುದು ಎಂಬ ಒಂದೇ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಆ ಪ್ರಶ್ನೆಗೆ ಆ್ಯಪ್ ಕೊಡುವ ಉತ್ತರ ದಾರಿ ತಪ್ಪಿಸುವಂಥದ್ದು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುವವಳು. ವಾರದಲ್ಲಿ ಆರು ದಿನ ಸೀರೆಯೋ ಕುರ್ತಾವೋ ಬೇಕು, ಮತ್ತು ಬಟ್ಟೆಗೆಂದು ತಿಂಗಳಿಗೆ ಎತ್ತಿಡಲು ಸಾಧ್ಯವಾಗುವುದು ಸಾವಿರ ರೂಪಾಯಿ. ಈ ಮಿತಿಯೊಳಗೆ ಒಳ್ಳೆಯ ಹತ್ತಿಯ ಬಟ್ಟೆ ತೊಡಬೇಕೆಂಬ ಆಸೆಯೇ ನನ್ನನ್ನು ಬಳಸಿದ ಬಟ್ಟೆಗಳ ಕಡೆಗೆ ಕರೆತಂದಿತು. ಮೊದಮೊದಲು ಬಹಳ ಸಂತೋಷವೇ ಆಯಿತು. ಚೌಕಿಪೇಟೆಯ ಅಂಗಡಿಗಳಲ್ಲಿ ಕಾಣಸಿಗದ ಕೈಮಗ್ಗದ ಕುರ್ತಾಗಳು, ಅಜ್ರಕ್ ಅಚ್ಚಿನ ದುಪಟ್ಟಾಗಳು, ಒಂದೆರಡು ಸಮಾರಂಭಗಳಲ್ಲಿ ಮಾತ್ರ ಉಟ್ಟ ಇಳಕಲ್ ಸೀರೆಗಳು ಮನೆಬಾಗಿಲಿಗೆ ಬಂದವು. ನನ್ನ ಸೋದರತ್ತೆಗೆ ಮಾತ್ರ ಇದು ಇಂದಿಗೂ ಒಪ್ಪಿಗೆಯಿಲ್ಲ. ‘ಯಾರು ಉಟ್ಟು ಬಿಟ್ಟಿದ್ದೋ ಏನೋ, ಅದನ್ಯಾಕೆ ಮನಿಗೆ ತರ್ತೀಯವ್ವಾ’ ಎನ್ನುತ್ತಾರೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅಕ್ಕನ ಸೀರೆ ತಂಗಿಗೆ, ತಂಗಿಯ ಸೀರೆ ಕೊನೆಗೆ ಕೌದಿಗೆ ಹೋಗುವುದನ್ನು ಕಂಡು ಬೆಳೆದವಳಾದ್ದರಿಂದ, ಚೆನ್ನಾಗಿ ತೊಳೆದ ಬಟ್ಟೆಗೆ ದೋಷವಿಲ್ಲವೆಂದೇ ನಾನು ನಂಬಿದ್ದೇನೆ.

ನನ್ನ ಮೊದಲ ತಕರಾರು ಆ್ಯಪ್ ತೋರಿಸುವ ‘ಮೂಲ ಬೆಲೆ’ಯ ಬಗ್ಗೆ. ಪ್ರತಿ ಬಟ್ಟೆಯ ಪಕ್ಕದಲ್ಲಿ ದೊಡ್ಡ ಮೊತ್ತವೊಂದನ್ನು ಬರೆದು, ಅದರ ಮೇಲೆ ಗೆರೆ ಎಳೆದು, ಕೆಳಗೆ ಈಗಿನ ಬೆಲೆಯನ್ನು ಹಾಕುತ್ತಾರೆ. 2,199 ರೂಪಾಯಿಯ ಕುರ್ತಾ 450ಕ್ಕೆ ಸಿಗುತ್ತಿದೆ ಎಂದು ಕಂಡಾಗ ಯಾರ ಕೈಯಾದರೂ ಮುಂದಾಗುತ್ತದೆ. ಆದರೆ ಆ 2,199ನ್ನು ಬರೆದವರು ಮಾರುವವರೇ ಹೊರತು ಅದನ್ನು ಪರಿಶೀಲಿಸಿದವರು ಯಾರೂ ಇಲ್ಲ. ಅದು ನಿಜವೇ ಆಗಿದ್ದರೂ, ಆ ಬಟ್ಟೆಯನ್ನು ಹೊಸದಾಗಿ ಕೊಂಡ ದಿನದ ಬೆಲೆ ನನಗೆ ಪ್ರಯೋಜನಕ್ಕೆ ಬರುವುದಿಲ್ಲ. ನನಗೆ ಬೇಕಾಗಿರುವುದು ಅಂಥದ್ದೇ ಬಟ್ಟೆ ಇಂದು ನನ್ನ ಊರಿನಲ್ಲಿ ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬ ಲೆಕ್ಕ.

ಆ ಕುರ್ತಾದ ಲೆಕ್ಕವನ್ನೇ ನೋಡೋಣ. ಬೆಲೆ 450, ಸಾಗಣೆ 79, ಆ್ಯಪ್‌ನ ಸೇವಾ ಶುಲ್ಕ 25, ಪಕ್ಕದ ಹೊಲಿಗೆ ಸರಿಪಡಿಸಿ ಉದ್ದ ಕಡಿಮೆ ಮಾಡಲು ಟೈಲರಿಗೆ 80. ಒಟ್ಟು 634 ರೂಪಾಯಿ. ಆಷಾಢದ ರಿಯಾಯಿತಿ ಇರುವಾಗ ಇಲ್ಲಿನ ಅಂಗಡಿಗಳಲ್ಲಿ ಆರುನೂರು ರೂಪಾಯಿಗೆ ಹೊಸ ಹತ್ತಿ ಕುರ್ತಾ ಸಿಗುತ್ತದೆ, ಅದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಹಾಕಿ ನೋಡಿ ತರಬಹುದು. ಇದಲ್ಲದೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪುಗಳಿಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಅದಕ್ಕೂ ಮೊದಲು ಸಾವಿರ ರೂಪಾಯಿ ದಾಟಿದ ಉಡುಪಿಗೆ ಶೇ 12 ಇತ್ತು. ತೆರಿಗೆಗೆ ಮುಂಚೆ 1,500 ರೂಪಾಯಿ ಇರುವ ಉಡುಪು ಅಂದು 1,680 ಆಗುತ್ತಿದ್ದರೆ ಇಂದು 1,575. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕಾದದ್ದು ನ್ಯಾಯ, ಆದರೆ ಗೆರೆ ಎಳೆದ ಮೂಲ ಬೆಲೆಗಳು ಹಾಗೆಯೇ ಕುಳಿತಿವೆ.

ಆದ್ದರಿಂದ ದಿನಬಳಕೆಯ ಬಟ್ಟೆಗೆ ನಾನು ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ. ಸಾಗಣೆ, ಶುಲ್ಕ, ಟೈಲರ್, ಡ್ರೈಕ್ಲೀನ್ ಎಲ್ಲವೂ ಸೇರಿದ ಮೊತ್ತವು ಊರಿನ ಹೊಸ ಬಟ್ಟೆಯ ಬೆಲೆಯ ಅರ್ಧವನ್ನು ದಾಟಬಾರದು. ಅರ್ಧವೇ ಏಕೆಂದರೆ, ಉಳಿದರ್ಧ ನಾನು ಕಳೆದುಕೊಳ್ಳುತ್ತಿರುವ ಹಕ್ಕುಗಳ ಬೆಲೆ. ಮುಟ್ಟಿ ನೋಡುವ ಹಕ್ಕು, ಹಾಕಿ ನೋಡುವ ಹಕ್ಕು, ಅಳತೆ ಸರಿಹೋಗದಿದ್ದರೆ ಮರಳಿಸುವ ಹಕ್ಕು ಇವ್ಯಾವುವೂ ಇಲ್ಲಿಲ್ಲ. ಹೇಳಿದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸವಿದ್ದರೆ ಮಾತ್ರ ಹಣ ವಾಪಸ್, ಅದೂ ಪಾರ್ಸೆಲ್ ಬಿಚ್ಚುವ ವಿಡಿಯೊ ಇದ್ದರೆ ಮಾತ್ರ. ಹೀಗಾಗಿ ಪಾರ್ಸೆಲ್ ಬಂದ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಿ ಡಬ್ಬಿಗೆ ಮೊಬೈಲನ್ನು ಒರಗಿಸಿ, ವಿಳಾಸದ ಚೀಟಿ ಕಾಣುವಂತೆ ಹಿಡಿದು, ಕತ್ತರಿ ಹಾಕಿ, ಬಟ್ಟೆಯನ್ನು ನಿಧಾನವಾಗಿ ಮಡಿಕೆ ಮಡಿಕೆಯಾಗಿ ಬಿಡಿಸುವುದು ನಮ್ಮ ಮನೆಯ ಪದ್ಧತಿಯಾಗಿದೆ. ಮಗಳು ದೀಪ ಹಿಡಿಯುತ್ತಾಳೆ. ಒಮ್ಮೆ ಕಂಕುಳಿನ ಕೆಳಗೆ ಸವೆದು ಜಾಲರಿಯಾದ ಕುರ್ತಾ ಬಂದಾಗ ಆ ವಿಡಿಯೊದಿಂದಾಗಿ ಬಟ್ಟೆಯ ಹಣ ಬಂತು, ಸಾಗಣೆಯ ಹಣ ಬರಲಿಲ್ಲ. ಅದು ಅನ್ಯಾಯವೆಂದು ಆ್ಯಪ್‌ನವರಿಗೆ ಬರೆದಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ.

ಇಷ್ಟಾದರೂ ನಾನು ಈ ಆ್ಯಪ್ ಬಿಟ್ಟಿಲ್ಲ. ಅದಕ್ಕೆ ಕಾರಣ ನಮ್ಮ ಓಣಿಯ ಟೈಲರ್ ತೋರಿಸಿಕೊಟ್ಟ ಒಂದು ಸಂಗತಿ.

ಇಳಕಲ್ ಸೀರೆಯೊಂದರ ಜೊತೆಗೆ ಅದರದ್ದೇ ಹೊಲಿಸಿದ ರವಿಕೆಯೂ ಬಂದಿತ್ತು. ಎದೆಯ ಸುತ್ತಳತೆ ನನಗಿಂತ ಎರಡಿಂಚು ಕಡಿಮೆ ಇದ್ದುದರಿಂದ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಟೈಲರ್ ಅದನ್ನು ಒಳಮಗ್ಗುಲು ತಿರುಗಿಸಿ, ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ತಿಕ್ಕಿ, ‘ಅಕ್ಕಾರೆ, ಇದ್ರಾಗೆ ಎರಡೂ ಕಡೆ ಇಂಚಿನ ಮೇಲೆ ಮಾರ್ಜಿನ್ ಐತಿ, ಬಿಚ್ಚಿದ್ರೆ ಆರಾಮಾಗಿ ಕೂರ್ತದೆ’ ಎಂದರು. ಹಳೆಯ ಟೈಲರುಗಳು ಮುಂದೆ ಬಿಚ್ಚಲು ಅನುಕೂಲವಾಗಲೆಂದು ಪಕ್ಕದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿ ಬಟ್ಟೆ ಬಿಟ್ಟಿರುತ್ತಾರೆ. ಅವರು ಬ್ಲೇಡಿನ ತುದಿಯಿಂದ ಒಳಗಿನ ಸಾಲನ್ನು ಮೂರು ನಾಲ್ಕು ಹೊಲಿಗೆಗೊಮ್ಮೆ ಕತ್ತರಿಸಿ ದಾರ ಎಳೆದಾಗ, ಮಡಿಕೆಯಲ್ಲಿ ಅಡಗಿದ್ದ ಬಟ್ಟೆ ಹೊರಬಂದಿತು. ಅದರ ಬಣ್ಣ ದಟ್ಟ ಹಸಿರು, ಹೊರಗಿನದು ಅದಕ್ಕಿಂತ ಕೊಂಚವೇ ಮಂಕು. ರವಿಕೆಯನ್ನು ಎಷ್ಟು ತೊಳೆದಿದ್ದಾರೆ, ಎಷ್ಟು ಬಿಸಿಲು ಕಂಡಿದೆ ಎಂಬುದಕ್ಕೆ ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಬೇರೊಂದಿಲ್ಲ. ಹೊರಮೈಯನ್ನು ಇಸ್ತ್ರಿ ಮಾಡಿ, ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದು ಹೊಸದೆಂದು ನಂಬಿಸಬಹುದು. ಹೊಲಿಗೆಯ ಒಳಗಿನ ಬಣ್ಣವನ್ನು ಯಾರೂ ಬದಲಿಸಲಾರರು.

ಅಂದಿನಿಂದ ಬೆಲೆ ಕಟ್ಟುವ ನನ್ನ ಕ್ರಮವೇ ಬದಲಾಗಿದೆ. ಬಟ್ಟೆ ಮೆಚ್ಚುಗೆಯಾದರೆ ಮಾರುವವರಿಗೆ ಮೊದಲು ಕಳಿಸುವ ಸಂದೇಶ ‘ಪಕ್ಕದ ಹೊಲಿಗೆಯ ಒಳಭಾಗದ ಫೋಟೊ ಕಳಿಸಿ, ಪಕ್ಕದಲ್ಲಿ ಟೇಪ್ ಇಟ್ಟು ತೋರಿಸಿ’ ಎಂಬುದು. ಮುಕ್ಕಾಲು ಇಂಚಿಗಿಂತ ಹೆಚ್ಚು ಬಟ್ಟೆ ಬಿಟ್ಟಿದ್ದು, ಒಳಗಿನ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ಹೆಚ್ಚು ಅಂತರವಿಲ್ಲದಿದ್ದರೆ, ನಾನು ಹೇಳಿದ ಅರ್ಧದ ಮಿತಿಯನ್ನು ಮುಕ್ಕಾಲರವರೆಗೂ ಏರಿಸಲು ಸಿದ್ಧಳಿದ್ದೇನೆ, ಏಕೆಂದರೆ ಅಂಥ ಬಟ್ಟೆ ನನ್ನ ಮೈ ಬದಲಾದಂತೆ ಬದಲಾಗುತ್ತದೆ, ಇನ್ನೂ ಹಲವು ವರ್ಷ ಬಾಳುತ್ತದೆ. ಓವರ್‌ಲಾಕ್ ಮಾಡಿ ಕಾಲಿಂಚಿಗೆ ಕತ್ತರಿಸಿದ ಕಾರ್ಖಾನೆಯ ಹೊಲಿಗೆಯಾದರೆ ಬಿಚ್ಚಲು ಏನೂ ಇರುವುದಿಲ್ಲ. ಅಂಥದ್ದಕ್ಕೆ ಎಷ್ಟೇ ದೊಡ್ಡ ಬ್ರ್ಯಾಂಡಿನ ಚೀಟಿ ಇದ್ದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡುವುದಿಲ್ಲ.

ಇಲ್ಲಿ ಬಟ್ಟೆಯ ಜಾತಿಯನ್ನೂ ಗಮನಿಸಬೇಕು. ಹತ್ತಿಯಲ್ಲಿ ಹಳೆಯ ಹೊಲಿಗೆಯ ಸೂಜಿ ತೂತುಗಳು ಒಂದೆರಡು ಸಲ ಒಗೆದು ಇಸ್ತ್ರಿ ಮಾಡಿದರೆ ಮುಚ್ಚಿಕೊಳ್ಳುತ್ತವೆ. ರೇಷ್ಮೆಯಲ್ಲಿ ಅವು ಸಾಲುಚುಕ್ಕಿಯಾಗಿ ಉಳಿದುಬಿಡುತ್ತವೆ, ಆದ್ದರಿಂದ ರೇಷ್ಮೆ ರವಿಕೆಯ ಮಾರ್ಜಿನ್‌ಗೆ ನಾನು ಹಣ ಕೊಡುವುದಿಲ್ಲ. ಲೆಗ್ಗಿಂಗ್ಸ್, ಹಿಗ್ಗುವ ಜೀನ್ಸ್ ಇವುಗಳಲ್ಲಿ ಎಲಾಸ್ಟಿಕ್ ನೂಲು ಒಮ್ಮೆ ಸಡಿಲವಾದರೆ ಯಾವ ಟೈಲರೂ ಸರಿಮಾಡಲಾರ, ಅವನ್ನು ನೋಡುವುದೂ ಇಲ್ಲ. ಪಾಲಿಯೆಸ್ಟರ್ ಬಟ್ಟೆ ಬೆವರಿನ ವಾಸನೆಯನ್ನು ಬೇಗ ಬಿಡುವುದಿಲ್ಲ. ಮಕ್ಕಳ ಬಟ್ಟೆಗಳು ಸವೆಯುವ ಮೊದಲೇ ಚಿಕ್ಕದಾಗುವುದರಿಂದ ಅವುಗಳಲ್ಲಿ ಮೋಸ ಕಡಿಮೆ.

ಸೀರೆಯ ವಿಷಯ ಬೇರೆ. ಅದಕ್ಕೆ ಅಳತೆಯ ಗೋಜಿಲ್ಲ, ಆದರೆ ಹೊಸ ಸೀರೆಗೆ ನಾವು ಮಾಡಿಸುವ ಕೆಲಸಗಳೆಲ್ಲ ಇದರಲ್ಲಿ ಮೊದಲೇ ಆಗಿರುತ್ತವೆ ಎಂಬುದನ್ನು ಬೆಲೆ ಕಟ್ಟುವಾಗ ಹೆಚ್ಚಿನವರು ಮರೆಯುತ್ತಾರೆ. ಫಾಲ್ ಹಚ್ಚಿ ಜಿಗ್‌ಜಾಗ್ ಮಾಡಿಸಲು ಇಲ್ಲಿ 120 ರೂಪಾಯಿ, ಸೆರಗಿಗೆ ಸಾಧಾರಣ ಕುಚ್ಚು ಕಟ್ಟಿಸಲು 250. ಬಳಸಿದ ಸೀರೆಯಲ್ಲಿ ಇವೆರಡೂ ಇದ್ದರೆ 370 ರೂಪಾಯಿ ಉಳಿಯಿತು. ಬದಲಿಗೆ ರವಿಕೆಯ ಕಣ ಕತ್ತರಿಸಿ ಹೋಗಿರುತ್ತದೆ. ಹೊಂದುವ ಬಟ್ಟೆ ತಂದು ಹೊಲಿಸಲು ಐದುನೂರು ರೂಪಾಯಿ ಬೇಕು. ಆ ಇಳಕಲ್ ಸೀರೆಯ ಬೆಲೆ 900, ಸಾಗಣೆ 90, ಡ್ರೈಕ್ಲೀನ್ 200, ಒಟ್ಟು 1,190. ರವಿಕೆ ಬಿಚ್ಚಿಸಿ ಹೊಲಿಸಲು ಆದದ್ದು 60 ರೂಪಾಯಿ. ಹೊಸದಾಗಿ ಕೊಂಡು, ಫಾಲ್, ಕುಚ್ಚು, ರವಿಕೆ ಎಲ್ಲ ಸೇರಿಸಿದ್ದರೆ ಎರಡೂವರೆ ಸಾವಿರ ದಾಟುತ್ತಿತ್ತು. ಆ ಸೀರೆಯ ಕೆಂಪು ಸೆರಗು ಒಡಲಿಗೆ ಕೂಡುವ ಕೊಂಡಿಗಳನ್ನು ಬೆರಳಿನಲ್ಲಿ ಮುಟ್ಟಿ ನೋಡಿದಾಗ ಒಂದೂ ಸಡಿಲವಾಗಿರಲಿಲ್ಲ. ನಾನು ಕೊಟ್ಟ ಹಣಕ್ಕೆ ಅದಕ್ಕಿಂತ ಒಳ್ಳೆಯ ಸೀರೆ ಬರಲು ಸಾಧ್ಯವಿರಲಿಲ್ಲ ಎಂದು ಇಂದಿಗೂ ಅನಿಸುತ್ತದೆ.

ಬಂದ ಬಟ್ಟೆಯನ್ನು ನೇರವಾಗಿ ಕಪಾಟಿಗೆ ಸೇರಿಸುವುದಿಲ್ಲ. ಹತ್ತಿಯಾದರೆ ಮೊದಲು ಒದ್ದೆ ಬಿಳಿ ಕರವಸ್ತ್ರದಿಂದ ಮೂಲೆಯೊಂದನ್ನು ತಿಕ್ಕಿ ಬಣ್ಣ ಬಿಡುತ್ತದೆಯೇ ನೋಡಿ, ಆಮೇಲೆ ಬೇರೆಯಾಗಿ ನೆನೆಸಿ ಒಗೆಯುತ್ತೇನೆ. ರೇಷ್ಮೆ ಮಿಶ್ರಿತವಾಗಿದ್ದು ಬಣ್ಣ ಗಟ್ಟಿಯಿದ್ದರೆ ಅಂಟುವಾಳಕಾಯಿಯ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ. ಅನೇಕ ಬಟ್ಟೆಗಳು ನುಸಿಗುಳಿಗೆಯ ವಾಸನೆಯನ್ನು ಹೊತ್ತು ಬರುತ್ತವೆ. ಅದು ಸೋಪಿಗೆ ಜಗ್ಗುವುದಿಲ್ಲ, ಗಾಳಿಗೆ ಹೋಗುತ್ತದೆ. ನಮ್ಮೂರಿನ ಬೇಸಿಗೆಯ ಬಿಸಿಲು ಬಣ್ಣವನ್ನು ತಿನ್ನುವಷ್ಟು ಖಾರವಾದ್ದರಿಂದ, ಮಹಡಿಯ ಮೆಟ್ಟಿಲಿನ ನೆರಳಿನಲ್ಲಿ, ಗಾಳಿ ಎರಡೂ ಕಡೆಯಿಂದ ಹಾಯುವಲ್ಲಿ, ಒಳಮಗ್ಗುಲು ಹೊರಗೆ ಮಾಡಿ ಹಗ್ಗಕ್ಕೆ ಹಾಕುತ್ತೇನೆ. ಹಾಗೆ ಹಾಕಿದಾಗ ಹೊಲಿಗೆಗಳೆಲ್ಲ ಕಣ್ಣ ಮುಂದೆಯೇ ಇರುತ್ತವೆ. ಯಾರೋ ಹೆಸರು ಗೊತ್ತಿಲ್ಲದ ಟೈಲರ್ ಎಷ್ಟು ನೇರವಾಗಿ ಹೊಲಿದಿದ್ದಾರೆ, ತುದಿಯನ್ನು ಎಷ್ಟು ಅಚ್ಚುಕಟ್ಟಾಗಿ ಮಡಿಚಿದ್ದಾರೆ ಎಂದು ನೋಡುವುದು ಈ ಖರೀದಿಯಿಂದ ನನಗೆ ದಕ್ಕಿದ, ನಾನು ನಿರೀಕ್ಷಿಸದೇ ಇದ್ದ ಸಂತೋಷ. ಒಂದು ಕಾಲಕ್ಕೆ ಹತ್ತಿ ಮಿಲ್‌ಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಬಟ್ಟೆಯನ್ನು ತಿರುಗಿಸಿ ನೋಡದೆ ಕೊಳ್ಳುವುದು ಇಲ್ಲಿನ ಹಿರಿಯರಿಗೆ ಸರಿಬರುವುದಿಲ್ಲ, ನನಗೂ ಸರಿಬರುವುದಿಲ್ಲ.

ಆ್ಯಪ್ ನಡೆಸುವವರಲ್ಲಿ ನನ್ನ ಕೋರಿಕೆ ಇದೇ. ಮುಂಭಾಗ, ಹಿಂಭಾಗ, ಬ್ರ್ಯಾಂಡಿನ ಚೀಟಿ ಈ ಮೂರು ಫೋಟೊಗಳನ್ನು ಕಡ್ಡಾಯ ಮಾಡಿರುವ ನೀವು ಪಕ್ಕದ ಹೊಲಿಗೆಯ ಒಳಭಾಗದ ಫೋಟೊವನ್ನೂ ಕಡ್ಡಾಯ ಮಾಡಿ. ಒಳ್ಳೆಯ ಬಟ್ಟೆ ಇಟ್ಟುಕೊಂಡು ಕಡಿಮೆ ಬೆಲೆಗೆ ಮಾರುತ್ತಿರುವವರಿಗೂ ಅದರಿಂದ ನ್ಯಾಯ ಸಿಗುತ್ತದೆ. ಈಗ ನಾನು ಕೇಳಿದಾಗ ಅರ್ಧದಷ್ಟು ಮಂದಿ ಉತ್ತರಿಸುವುದಿಲ್ಲ, ಉತ್ತರಿಸಿದವರಲ್ಲಿ ಕೆಲವರು ಅನುಮಾನ ಪಡುತ್ತಿದ್ದೇನೆಂದು ಬೇಸರಿಸುತ್ತಾರೆ. ಕಳಿಸಿದವರ ಜೊತೆ ಚೌಕಾಸಿ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಈಗ ಪಟ್ಟಿಯಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆಯೊಂದಿದೆ, ಕೇಳುತ್ತಿರುವುದು 3,500. ಹಲವು ತಿಂಗಳ ಬಟ್ಟೆಯ ಹಣವನ್ನು ಒಟ್ಟು ಮಾಡಿದರೆ ಕೊಳ್ಳಬಹುದಾದ ಸೀರೆ. ಇದರಲ್ಲಿ ಹೊಲಿಗೆಯ ಪ್ರಶ್ನೆ ಬರುವುದಿಲ್ಲ, ಮಡಿಕೆಯ ಪ್ರಶ್ನೆ ಬರುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಗೆರೆಯುದ್ದಕ್ಕೂ ಸೀಳುತ್ತದೆ, ಮತ್ತು ಆ ಸೀಳು ಸೀರೆಯನ್ನು ಬಿಡಿಸಿದಾಗಲೇ ಕಾಣುವುದು. ಜರಿ ಅಪ್ಪಟ ಬೆಳ್ಳಿಯದಾಗಿದ್ದರೆ ಹಳೆಯ ಜರಿ ಸೀರೆ ಕೊಳ್ಳುವವರು ಅದಕ್ಕೊಂದು ಬೆಲೆ ಕೊಟ್ಟೇ ಕೊಡುತ್ತಾರೆ, ಹಾಗಾಗಿ ಪೂರ್ತಿ ನಷ್ಟವೆಂಬುದಿಲ್ಲ. ಸೀರೆಯನ್ನು ಬಿಡಿಸಿ, ಬೆಳಕಿಗೆ ಅಡ್ಡ ಹಿಡಿದು, ಮಡಿಕೆಯ ಗೆರೆಗಳ ಮತ್ತು ಅಂಚಿನ ಹಿಂಭಾಗದ ಫೋಟೊ ಕಳಿಸಿ ಎಂದು ಮಾರುವವರಿಗೆ ಬರೆದಿದ್ದೇನೆ. ಗೆರೆಗಳು ಗಟ್ಟಿಯಾಗಿದ್ದರೆ ಕೇಳಿದ ಬೆಲೆಯನ್ನೇ ಕೊಡುತ್ತೇನೆ. ಒಂದು ಕಡೆ ನೂಲು ಬಿಟ್ಟಿದ್ದರೂ ಎರಡು ಸಾವಿರದ ಮೇಲೆ ಹೋಗುವುದಿಲ್ಲ.