ನಡೆಯುವ ಲೇತ್ ಶಾಪ್ ಸಾಲದ ಮೇಲೆ ಕೊಂಡು ನಾಲ್ಕೇ ತಿಂಗಳಿಗೆ ಮುಗ್ಗರಿಸುವುದು ಹೀಗೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕಡೆ ವಾಲ್ವ್ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್ ಶಾಪು ಮಾರಾಟಕ್ಕೆ ಬಂದರೆ ಕೊಳ್ಳುವವರು ನೋಡುವುದು ಎರಡೇ: ವರ್ಷದ ಲಾಭ, ತಿಂಗಳ ಕಂತು. ಲಾಭ ಹೆಚ್ಚಿದ್ದರೆ ಕರಾರಿಗೆ ಸಹಿ ಬಿದ್ದೇಬಿಟ್ಟಿತು. ಅಂಥ ಖರೀದಿ ಎಲ್ಲಿ ಹಳ್ಳ ಹಿಡಿಯುತ್ತದೆಂದು ಲೆಕ್ಕ ಹಾಕಿಯೇ ನೋಡಿ.

ಬೆಲೆ 40 ಲಕ್ಷ. ಕೈಯಿಂದ 10, ಬ್ಯಾಂಕ್ ಸಾಲ 30. ಬಡ್ಡಿ ಶೇ 11, ಅವಧಿ 5 ವರ್ಷ, ಕಂತು ಸುಮಾರು 65,200. ತಿಂಗಳಿಗೆ 4 ಲಕ್ಷದ ಮಾಲು ಹೋಗುತ್ತದೆ. ಸ್ಟೀಲಿಗೆ 2 ಲಕ್ಷ, ಪಗಾರ, ಬಾಡಿಗೆ, ಕರೆಂಟಿಗೆ 90 ಸಾವಿರ. ಕಂತು ಕಟ್ಟಿಯೂ ಉಳಿಯುತ್ತದೆ ಅನಿಸುತ್ತದೆ. ಆದರೆ ಶಾಪು ಮಾರಿದವರೇ ಹಳೆಯ ಉದ್ರಿಯನ್ನೆಲ್ಲ ವಸೂಲಿ ಮಾಡಿಕೊಂಡು ಹೋಗುತ್ತಾರೆ. ನಿಮ್ಮ ಮೊದಲ ಬಿಲ್ಲಿನ ರೊಕ್ಕ ಬರುವುದು 90 ದಿನದ ಮೇಲೆ. ಹೊಸ ಮಾಲೀಕರಿಗೆ ಸ್ಟೀಲ್ ವ್ಯಾಪಾರಿ ಉದ್ರಿ ಕೊಡಲು ಹಿಂಜರಿಯುತ್ತಾನೆ. ಮೂರು ತಿಂಗಳಿಗೆ ಸ್ಟೀಲು ಜಿಎಸ್‌ಟಿ ಸೇರಿ 7.08 ಲಕ್ಷ, ಖರ್ಚು 2.7 ಲಕ್ಷ, ಕಂತು 1.96 ಲಕ್ಷ. ಇದರ ಮೇಲೆ ಮಾರಾಟದ ಜಿಎಸ್‌ಟಿ. ಗಿರಾಕಿ ಕೊಡಲಿ ಬಿಡಲಿ, ಬಿಲ್ ಮಾಡಿದ ಮರುತಿಂಗಳ 20ಕ್ಕೆ ಕಟ್ಟಬೇಕು: 4 ಲಕ್ಷಕ್ಕೆ ಶೇ 18ರಂತೆ 72 ಸಾವಿರದಲ್ಲಿ ಇನ್‌ಪುಟ್ ಕ್ರೆಡಿಟ್ (ಸ್ಟೀಲ್ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ) ಕಳೆದು 36 ಸಾವಿರ, ಈ ಮೂರು ತಿಂಗಳಲ್ಲಿ ಎರಡು ಸಲ. ತಡವಾದರೆ ವರ್ಷಕ್ಕೆ ಶೇ 18 ಬಡ್ಡಿ. ಒಂದು ರೂಪಾಯಿಯೂ ಕೈಗೆ ಬಾರದೆ ಹೀಗೆ ಹನ್ನೆರಡೂವರೆ ಲಕ್ಷ ಹೊರಗೆ ಹೋಗುತ್ತದೆ. ಇದ್ದ 10 ಲಕ್ಷವನ್ನು ಮೊದಲೇ ಸುರಿದವರು ಕೈಸಾಲಕ್ಕೆ ಬೀಳುವುದು ಇಲ್ಲೇ.

ಆದ್ದರಿಂದ ಕಂತಿನ ಸಾಲದ (ಟರ್ಮ್ ಲೋನ್) ಜೊತೆಯಲ್ಲೇ, ಬೇಕಾದಾಗ ತೆಗೆದು ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಕೇಳಿ, ಅಸಲಿನ ಕಂತು ಆರು ತಿಂಗಳ ಮೇಲೆ ಶುರುವಾಗುವಂತೆ ಬರೆಸಿ. ಸಣ್ಣ ಉದ್ಯಮಗಳಿಗಿರುವ ಸರ್ಕಾರಿ ‘ಉದ್ಯಮ್’ ನೋಂದಣಿ ಮೊದಲ ದಿನವೇ ನಿಮ್ಮ ಹೆಸರಿನಲ್ಲಿ ಮಾಡಿಸಿ. ಹೀಗೆ ನೋಂದಾಯಿಸಿದ ಸಣ್ಣ ತಯಾರಕರಿಗೆ ಕರಾರಿದ್ದರೂ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗೆ, ಕೊಡುವವರೆಗೆ ಆ ಮೊತ್ತವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯಲು ಸಿಗುವುದಿಲ್ಲ. ಉದ್ರಿ ಕಡಿಮೆ ಮಾಡಿಸಲು ಇದಕ್ಕಿಂತ ಗಟ್ಟಿ ಮಾತಿಲ್ಲ.

ಇನ್ನು ಆದಾಯ ತೆರಿಗೆ. ಮೊದಲ ವರ್ಷದ 12 ಕಂತುಗಳಲ್ಲಿ ಬಡ್ಡಿ ಸುಮಾರು 3.06 ಲಕ್ಷ ಮಾತ್ರ ಖರ್ಚೆಂದು ಲಾಭದಲ್ಲಿ ಕಳೆಯಬಹುದು, ಅಸಲು 4.76 ಲಕ್ಷ ತೆರಿಗೆ ಕಟ್ಟಿ ಉಳಿದ ರೊಕ್ಕದಿಂದಲೇ ಹೋಗಬೇಕು. ಕರಾರಿನಲ್ಲಿ ಬೆಲೆ ಹಂಚುವಾಗ ಮಾರುವವರು ‘ಗುಡ್‌ವಿಲ್ 15 ಲಕ್ಷ’ (ಅಂಗಡಿಯ ಹೆಸರು, ಗಿರಾಕಿಗಳ ಬೆಲೆ) ಎಂದು ಬರೆದರೆ ಆ 15 ಲಕ್ಷಕ್ಕೆ ಸವಕಳಿಯೇ (ಆಸ್ತಿಯ ಬೆಲೆಯನ್ನು ವರ್ಷವರ್ಷ ಖರ್ಚೆಂದು ಕಳೆಯುವುದು) ಇಲ್ಲ. 2021ರಲ್ಲಿ ನಿಯಮ ಬದಲಾಗಿದೆ. ಯಂತ್ರಕ್ಕೆ ಶೇ 15 ಇದೆ, ಅದೂ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿದರೆ ಅರ್ಧ. ಹಾಗಂತ ಸುಳ್ಳು ಮೌಲ್ಯ ಬರೆಯಬೇಡಿ, ಯಂತ್ರಗಳ ಮೌಲ್ಯಮಾಪನ ಮಾಡಿಸಿ. ವರ್ಷ ಮುಗಿಯುವ ಮೊದಲೇ ಕಂತಿನಲ್ಲಿ ಕಟ್ಟುವ ಮುಂಗಡ ತೆರಿಗೆಯ ದಿನಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ನೇ ತಾರೀಖು.

ಎಲ್ಲಕ್ಕಿಂತ ಕೆಟ್ಟದ್ದು ಹಳೆಯ ಜಿಎಸ್‌ಟಿ ಬಾಕಿ. ಕಾಯ್ದೆಯ 85ನೇ ಕಲಂ ಪ್ರಕಾರ ಹಸ್ತಾಂತರದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಕೊಂಡವರೂ ಹೊಣೆ, ನೋಟಿಸು ಆಮೇಲೆ ಬಂದರೂ ಸರಿ. ಮಾರುವವರನ್ನೇ ಕೂರಿಸಿ ಪೋರ್ಟಲ್ ತೆರೆಸಿ ರಿಟರ್ನ್, ಬಾಕಿ ನೋಡಿ. ಬೆಲೆಯಲ್ಲಿ ಒಂದು ಪಾಲನ್ನು ತಡೆದಿಡುವ ಷರತ್ತು ಹಾಕಿ. ಅವರ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ ನಿಮ್ಮ ಹೊಸ ಜಿಎಸ್‌ಟಿ ನಂಬರಿಗೆ ಬರಲು ಅವರು ಐಟಿಸಿ-02 ಎಂಬ ನಮೂನೆ ಸಲ್ಲಿಸಬೇಕು, ಜೊತೆಗೆ ಸಿಎ (ಲೆಕ್ಕ ಪರಿಶೋಧಕರು) ಪ್ರಮಾಣಪತ್ರ ಬೇಕು. ಹೆಸ್ಕಾಂ ಕರೆಂಟ್ ಬಿಲ್ಲು, ಕೆಲಸಗಾರರ ಪಿಎಫ್ ಚಲನ್‌ಗಳನ್ನೂ ಕೇಳಿ ಪಡೆಯಿರಿ. ಪಿಎಫ್ ಬಾಕಿಗೂ ಕೊಂಡವರು ಜೊತೆ ಹೊಣೆಗಾರರು.