22 ಪ್ಲೇಟ್ ಗಿರ್ಮಿಟ್‌ಗೆ ಒಂದು ಕನ್ನಡಕ: ನಮ್ಮ ಭಾಗದ ಸೇವಾ ಕ್ಲಬ್ ಬಗ್ಗೆ ನನ್ನ ರಿವ್ಯೂ

ಹೋಟೆಲ್‌ಗೆ, ಮೊಬೈಲ್‌ಗೆ, ಮಿಕ್ಸರ್‌ಗೆ ಎಲ್ಲ ರಿವ್ಯೂ ಬರೆಯುತ್ತೇವೆ. ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದು ನಿಲ್ಲುವವರ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಅಲ್ಲಿಗೆ ಹೋಗುವುದೂ ನಮ್ಮ ದುಡ್ಡೇ ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಗೆ ಹತ್ತಿರದ ಒಂದು ಸೇವಾ ಕ್ಲಬ್, ಅದರ ಜೊತೆಗಿರುವ ಕಾಲೇಜು ಹುಡುಗ ಹುಡುಗಿಯರ ಗುಂಪು. ಎರಡೂವರೆ ವರ್ಷದಿಂದ ನೋಡುತ್ತಿದ್ದೇನೆ, ದುಡ್ಡು ಕೊಟ್ಟಿದ್ದೇನೆ, ಎರಡು ಸಲ ಜಗಳವನ್ನೂ ಆಡಿದ್ದೇನೆ. ಕ್ಲಬ್ಬಿನ ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆ ಬೆಳಿಗ್ಗೆ ಹಾಲು ತರಲು ಹೋದಾಗಲೇ ಅಧ್ಯಕ್ಷರು ಎದುರಿಗೆ ಸಿಗುತ್ತಾರೆ.

ಸ್ಟಾರ್ ಮಾತ್ರ ಸಾಕು ಅನ್ನುವವರಿಗೆ: ಹುಡುಗರಿಗೆ 5ಕ್ಕೆ 4.5. ಕ್ಲಬ್ಬಿನ ದೊಡ್ಡವರಿಗೆ 2.5, ಅದೂ ರಕ್ತದಾನ ಶಿಬಿರ ಬಿಟ್ಟಿಲ್ಲ ಅನ್ನುವ ಕಾರಣಕ್ಕೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಈ ಹುಡುಗರು ಗಿರ್ಮಿಟ್ ಮಾರಿದ ದುಡ್ಡಿನಲ್ಲಿ ಕನ್ನಡಕ ಕೊಟ್ಟಿದ್ದು ಅವಳ ಶಾಲೆಯ ಮಕ್ಕಳಿಗೇ. ಹಾಗಾಗಿ ನಾನು ಪೂರ್ತಿ ಹೊರಗಿನವನು ಅಂತ ಹೇಳಿಕೊಳ್ಳಲಾರೆ.

ಗಿರ್ಮಿಟ್‌ನಿಂದ ಶುರು ಮಾಡುತ್ತೇನೆ. ಗಣಪತಿ ಹಬ್ಬದಲ್ಲಿ ಹುಬ್ಬಳ್ಳಿಯ ಓಣಿಗಳು ಹೇಗಿರುತ್ತವೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಹನ್ನೊಂದಾದರೂ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ಪೆಂಡಾಲ್‌ನಿಂದ ಪೆಂಡಾಲ್‌ಗೆ ಓಡಾಡುತ್ತಿರುತ್ತಾರೆ, ಎಲ್ಲರಿಗೂ ಹಸಿವು ಬೇರೆ. ಈ ಹುಡುಗರು ಅಲ್ಲಿ ಎರಡು ಟೇಬಲ್ ಹಾಕಿ ಗಿರ್ಮಿಟ್, ಮಿರ್ಚಿ ಮಾರಲು ನಿಂತರು. ಮೊದಲನೇ ದಿನ ಗಿರ್ಮಿಟ್ ಕೆಟ್ಟದಾಗಿತ್ತು, ಸುಳ್ಳು ಯಾಕೆ ಹೇಳಲಿ. ಬೇಗ ಕೊಡಬೇಕು ಅಂತ ದೊಡ್ಡ ಪಾತೇಲಿಯಲ್ಲಿ ಚುರಮುರಿಗೆ ಮಸಾಲೆ ಕಲಸಿ ಇಟ್ಟುಬಿಟ್ಟಿದ್ದರು. ಹತ್ತು ನಿಮಿಷದಲ್ಲಿ ಎಲ್ಲ ಮೆತ್ತಗಾಗಿ ಒದ್ದೆ ಅವಲಕ್ಕಿ ಆಗಿತ್ತು. ನಮ್ಮ ಓಣಿಯ ಒಬ್ಬ ಅಜ್ಜಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ಹೇಳಿದರು, "ಏ ತಮ್ಮಾ, ಗಿರ್ಮಿಟ್ ಕಲಸಿ ಇಡೂದಲ್ಲೋ, ಕಲಸಿ ಕೊಡೂದು." ಮರುದಿನ ಅಜ್ಜಿಯೇ ಸೆರಗು ಸಿಕ್ಕಿಸಿಕೊಂಡು ಟೇಬಲ್ ಹಿಂದೆ ನಿಂತಿದ್ದರು. ಹುಣಸೆ, ಬೆಲ್ಲ, ಉಳ್ಳಾಗಡ್ಡಿ ಹಾಕಿ ಕುದಿಸಿದ ಮಸಾಲೆ ಒಂದು ಕಡೆ, ಪುಟಾಣಿ ಹಿಟ್ಟು ಒಂದು ಕಡೆ. ಗಿರಾಕಿ ಬಂದ ಮೇಲೆಯೇ ಚುರಮುರಿ ಬುಟ್ಟಿಗೆ ಕೈ. ಎರಡನೇ ದಿನದ ಗಿರ್ಮಿಟ್‌ಗೆ ನಾನು ಪೂರ್ತಿ 5 ಕೊಡುತ್ತೇನೆ. ಮಿರ್ಚಿ ಸ್ವಲ್ಪ ದಪ್ಪ ಹಿಟ್ಟು, ಪರವಾಗಿಲ್ಲ.

ನಾನು ಅಲ್ಲಿ ನಿಂತಿದ್ದು ರುಚಿಗಲ್ಲ, ಒಂದು ರಟ್ಟಿಗೆ. ಟಿವಿ ಡಬ್ಬಿಯ ರಟ್ಟು ಹರಿದು, ಮಾರ್ಕರ್‌ನಲ್ಲಿ ಬರೆದಿದ್ದರು: "1 ಪ್ಲೇಟ್ 30 ರೂ. ಖರ್ಚು 14. ಉಳಿಯುವುದು 16. ಒಂದು ಕನ್ನಡಕ 350. ಅಂದರೆ 22 ಪ್ಲೇಟ್ = 1 ಕನ್ನಡಕ." ಕೆಳಗೆ ಗೆರೆ ಎಳೆದು, ಆವತ್ತು ಎಷ್ಟನೇ ಕನ್ನಡಕ ನಡೆಯುತ್ತಿದೆ ಅಂತ ಒಂದು ಅಂಕಿ. ಅದನ್ನು ಆಗಾಗ ಹೊಡೆದುಹಾಕಿ ಹೊಸದು ಬರೆಯುತ್ತಿದ್ದರು. ಜನ ಅದನ್ನು ಓದಿ ಇನ್ನೊಂದು ಪ್ಲೇಟ್ ಹೇಳುತ್ತಿದ್ದರು. "ಇನ್ನೂ ಮೂರು ಪ್ಲೇಟಿಗೆ ಇದು ಮುಗೀತದಲ್ಲ, ಕೊಡು ಹಂಗಾರ" ಅಂತ ಒಬ್ಬರು ಹೊಟ್ಟೆ ತುಂಬಿದ ಮೇಲೂ ತಗೊಂಡು ಹಿಂದಿದ್ದ ಮಕ್ಕಳಿಗೆ ಹಂಚಿದರು. ಇಷ್ಟು ವರ್ಷದಲ್ಲಿ ನಾನು ನೋಡಿದ ಯಾವ ದೇಣಿಗೆ ಕರಪತ್ರವೂ ನನ್ನ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಇಷ್ಟು ಬಿಡಿಸಿ ಹೇಳಿರಲಿಲ್ಲ.

ತಪ್ಪು ಇರಲಿಲ್ಲವಾ? ಇತ್ತು. ಫೋನ್‌ನಲ್ಲಿ ದುಡ್ಡು ಹಾಕಲು ಇಟ್ಟಿದ್ದ ಕ್ಯೂಆರ್ ಕೋಡ್ ಒಬ್ಬ ಹುಡುಗನ ಸ್ವಂತ ಖಾತೆಯದು. ಸ್ಕ್ಯಾನ್ ಮಾಡಿದರೆ ಅವನ ಹೆಸರೇ ಬಂತು. ನಾನು ಅಲ್ಲೇ ಕೇಳಿದೆ, ಸ್ವಲ್ಪ ಜೋರಾಗಿಯೇ. "ಅಂಕಲ್, ಕ್ಲಬ್ಬಿಂದು ಖಾತೆ ಐತ್ರಿ, ಅದರ ಕ್ಯೂಆರ್ ಕೊಡ್ತೀವಿ ಅಂದಾರ, ಇನ್ನೂ ಕೊಟ್ಟಿಲ್ರಿ" ಅಂದ. ಹುಡುಗ ಕಳ್ಳನಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಜನರ ದುಡ್ಡು ಸ್ವಂತ ಖಾತೆಗೆ ಬಿತ್ತು ಅಂದರೆ ನಾಳೆ ಮಾತು ಕೇಳಬೇಕಾದವನು ಅವನೇ. ಮೂರನೇ ದಿನ ಕ್ಲಬ್ ಖಾತೆಯ ಕ್ಯೂಆರ್ ಬಂತು. ಅದಕ್ಕೆ ಮುಂಚೆ ಅವನ ಖಾತೆಗೆ ಬಿದ್ದಿದ್ದನ್ನು ಪ್ರಿಂಟ್ ತೆಗೆಸಿ ರಟ್ಟಿನ ಪಕ್ಕದಲ್ಲೇ ಅಂಟಿಸಿದ್ದರು. ನಾನು ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಆ ಎರಡು ದಿನಕ್ಕೆ.

ಇನ್ನು ಕನ್ನಡಕದ ಕಥೆ. ಇದು ಮೊದಲ ಸಲ ಕೊಟ್ಟಿದ್ದಲ್ಲ. ಅದರ ಹಿಂದಿನ ವರ್ಷ ದೊಡ್ಡವರು ಇದೇ ಶಾಲೆಯಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರ ಮಾಡಿದ್ದರು. ತಪಾಸಣೆ ಚೆನ್ನಾಗಿಯೇ ಆಗಿತ್ತು ಅಂತ ತಂಗಿ ಹೇಳಿದಳು. ಕನ್ನಡಕ ಹಂಚುವ ದಿನ ಬಂತು ನೋಡಿ. ಹತ್ತಕ್ಕೆ ಅಂದಿದ್ದ ಕಾರ್ಯಕ್ರಮ ಶುರುವಾಗಿದ್ದು ಹನ್ನೊಂದೂವರೆಗೆ, ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತಿದ್ದಾರೆ, ವೇದಿಕೆ ಮೇಲೆ ಹದಿನಾಲ್ಕು ಕುರ್ಚಿ, ಒಬ್ಬೊಬ್ಬರಿಗೂ ಶಾಲು, ಹಾರ, ಪೇಟ, ಆಮೇಲೆ ಒಬ್ಬೊಬ್ಬರ ಭಾಷಣ. ಕೊನೆಗೆ ಮಕ್ಕಳನ್ನು ಕರೆದು ಕನ್ನಡಕ ಕೈಗೆ ಕೊಟ್ಟು, ಕ್ಯಾಮೆರಾ ಕಡೆ ತಿರುಗಿಸಿ, ಕಳಿಸಿದರು. ಎಲ್ಲ ಒಂದೇ ಫ್ರೇಮ್. ಕಪ್ಪು, ದಪ್ಪ, ದೊಡ್ಡವರ ಅಳತೆ. ಐದನೇ ಕ್ಲಾಸಿನ ಹುಡುಗಿಯ ಮೂಗಿನ ಮೇಲೆ ನಿಲ್ಲುತ್ತದಾ ಅದು? ತಿಂಗಳು ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಕನ್ನಡಕ ಕಂಪಾಸ್ ಬಾಕ್ಸ್ ಸೇರಿದ್ದವು. ಹಾಕಿಕೊಂಡವರಿಗೆ ಸೋಡಾಬುಡ್ಡಿ ಅಂತ ಹೆಸರು ಬಿದ್ದಿತ್ತು.

ಹುಡುಗರು ಎರಡನೇ ಸಲ ಹೋದಾಗ ಮೊದಲು ಮಾಡಿದ್ದು ತಂಗಿಯನ್ನು ಕೇಳಿದ್ದು, "ಮಿಸ್, ಹೋದ ಸಲದ್ದು ಯಾಕ ಹಾಕ್ಕೊಳ್ಳಲಿಲ್ರಿ?" ಇಷ್ಟೇ. ಈ ಒಂದು ಪ್ರಶ್ನೆ ದೊಡ್ಡವರು ಕೇಳಿರಲಿಲ್ಲ. ಆಮೇಲೆ ಅಂಗಡಿಯವರಿಂದ ಸಣ್ಣ ಅಳತೆಯ ಫ್ರೇಮ್‌ಗಳ ಒಂದು ಟ್ರೇ ತಂದರು. ನೀಲಿ, ಕೆಂಪು, ಕಂದು, ಒಂದು ನೇರಳೆ ಕೂಡ. ಮಕ್ಕಳು ಕನ್ನಡಿ ನೋಡಿಕೊಂಡು ಆರಿಸಿಕೊಂಡರು. ನೇರಳೆ ಫ್ರೇಮ್‌ಗೆ ಜಗಳವೇ ಆಯಿತಂತೆ. ಕಣ್ಣು ಸರಿ ಇದ್ದ ಇಬ್ಬರು ಹುಡುಗರು ತಮಗೂ ಕಾಣುವುದಿಲ್ಲ ಅಂತ ಹಟ ಹಿಡಿದರಂತೆ. ವೇದಿಕೆ ಇಲ್ಲ, ಶಾಲು ಇಲ್ಲ, ಕ್ಲಾಸ್ ರೂಮಿನಲ್ಲೇ ಕೆಲಸ ಮುಗಿಯಿತು. ಒಂದು ತಿಂಗಳು ಬಿಟ್ಟು ಇಬ್ಬರು ಹುಡುಗಿಯರು ಮತ್ತೆ ಹೋಗಿ, ಯಾರು ಹಾಕಿಕೊಂಡಿದ್ದಾರೆ, ಯಾರದು ಮುರಿದಿದೆ ಅಂತ ಬರೆದುಕೊಂಡು ಬಂದರು. ಒಬ್ಬ ಹುಡುಗನಂತೂ ಗೋಡೆ ಮೇಲಿನ ಬಿಸಿಯೂಟದ ಪಟ್ಟಿ ದೂರದಿಂದಲೇ ಓದಿ, ಇಷ್ಟು ದಿನ ಗೆಳೆಯ ತನಗೆ ಸುಳ್ಳು ಹೇಳುತ್ತಿದ್ದ ಅಂತ ಕಂಡುಹಿಡಿದನಂತೆ.

ಈ ಭಾಗದಲ್ಲಿ ದುಡ್ಡು ಎತ್ತುವುದು ಹೊಸದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟಕ್ಕೆ, ಸಂಗೀತ ಪಾಠಕ್ಕೆ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಊರವರು ಅವರನ್ನೇ ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡುತ್ತಿದ್ದರು, ಆ ದುಡ್ಡು ಆಶ್ರಮಕ್ಕೆ. ನಮ್ಮ ಅಪ್ಪ ಅಂಥ ಒಂದು ತುಲಾಭಾರಕ್ಕೆ ಚಿಲ್ಲರೆ ಹಾಕಿದ್ದನ್ನು ಸಾಯುವ ತನಕ ಹೇಳಿಕೊಂಡರು. ಜನ ಕೊಡುತ್ತಾರೆ ರೀ. ಎಲ್ಲಿಗೆ ಹೋಯಿತು ಅಂತ ಕಾಣಬೇಕು, ಅಷ್ಟೇ.

ದೊಡ್ಡ ಕ್ಲಬ್‌ಗಳನ್ನು ಸುಮ್ನೆ ಬೈಯುವ ಹಾಗೂ ಇಲ್ಲ. ರೋಟರಿಯವರು 1985ರಿಂದ ಪೋಲಿಯೊ ಹಿಂದೆ ಬಿದ್ದಿದ್ದರು. ನಮ್ಮ ದೇಶದಲ್ಲಿ ಕೊನೆಯ ಪೋಲಿಯೊ ಕೇಸ್ 2011ರ ಜನವರಿಯದು, 2014ರಲ್ಲಿ ಭಾರತ ಪೋಲಿಯೊ ಮುಕ್ತ ಅಂತಾಯಿತು. ಸರ್ಕಾರದ ಜೊತೆ ಇವರೂ ಬೂತ್‌ಗಳಲ್ಲಿ ಕೂತಿದ್ದರು. ಲಯನ್ಸ್‌ನವರು ಇಷ್ಟೊಂದು ಕಣ್ಣಿನ ಶಿಬಿರ ಮಾಡುವುದಕ್ಕೂ ಕಾರಣ ಇದೆ. 1925ರಲ್ಲಿ ಹೆಲೆನ್ ಕೆಲರ್, ಕಣ್ಣು ಕಿವಿ ಎರಡೂ ಇಲ್ಲದ ಅಮೆರಿಕದ ಲೇಖಕಿ, ಲಯನ್ಸ್ ಸಮಾವೇಶಕ್ಕೆ ಬಂದು, ಕಣ್ಣಿಲ್ಲದವರ ಕೆಲಸ ಹಿಡಿಯಿರಿ ಅಂತ ಕೇಳಿಕೊಂಡಿದ್ದರು. ಲಯನ್ಸ್‌ನಲ್ಲಿ ಇನ್ನೊಂದು ಒಳ್ಳೆಯ ನಿಯಮ ಇದೆ. ಜನರಿಂದ ಎತ್ತಿದ ದುಡ್ಡು ಜನರ ಕೆಲಸಕ್ಕೇ ಹೋಗಬೇಕು, ಕ್ಲಬ್ಬಿನ ಸ್ವಂತ ಖರ್ಚು ಸದಸ್ಯರ ಚಂದಾದಿಂದ ನಡೆಯಬೇಕು, ಎರಡರ ಲೆಕ್ಕವೂ ಬೇರೆ ಬೇರೆ. ಯಾವ ಕ್ಲಬ್ ನಿಮ್ಮ ಬಾಗಿಲಿಗೆ ಬಂದರೂ ಇದನ್ನು ಕೇಳಿ ನೋಡಿ: ಶಾಲು, ಹಾರದ ದುಡ್ಡು ಯಾವ ಲೆಕ್ಕದ್ದು? ನಾನು ಕೇಳಿದೆ. ಚಹಾ ಕೊಟ್ಟರು, ಉತ್ತರ ಕೊಡಲಿಲ್ಲ.

ನನಗೆ ಕಾಣುವ ನಿಜವಾದ ರೋಗ ಬೇರೆ. ರೋಟರಿ ಇರಲಿ ಲಯನ್ಸ್ ಇರಲಿ, ವರ್ಷ ಅಂದರೆ ಜುಲೈ 1ರಿಂದ ಜೂನ್ 30. ಅಧ್ಯಕ್ಷರು ಪ್ರತಿ ವರ್ಷ ಹೊಸಬರು. ನಮ್ಮ ಕ್ಲಬ್ಬಿನಲ್ಲೂ ಹಾಗೇ. ಪದಗ್ರಹಣ ಆಯಿತು ಅಂದರೆ ಹೊಸಬರಿಗೆ ಹೊಸ ಯೋಜನೆ ಬೇಕು, ಹಳಬರದು ಅಲ್ಲೇ ಬಿಟ್ಟುಹೋಗುತ್ತದೆ. ನಮ್ಮ ರಸ್ತೆ ಪಕ್ಕ ಹೊಂಗೆ, ಬೇವಿನ ಸಸಿ ನೆಟ್ಟಿದ್ದರು. ಸಸಿಗಿಂತ ಕ್ಲಬ್ಬಿನ ಬೋರ್ಡ್ ಎತ್ತರ. ಮಳೆ ನಿಂತ ಮೇಲೆ ಒಂದು ಕೊಡ ನೀರು ಯಾರೂ ಹಾಕಲಿಲ್ಲ, ಆಡು ತಿಂದವು, ಬೋರ್ಡ್ ಉಳಿಯಿತು. ಮುಂದಿನ ಜುಲೈನಲ್ಲಿ ಹೊಸ ಅಧ್ಯಕ್ಷರು ಬಂದು ಅದೇ ಗುಂಡಿಗಳಲ್ಲಿ ಹೊಸ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರು. ಗುಂಡಿ ತೋಡುವ ಕೂಲಿಯಾದರೂ ಉಳಿಯಿತು ಅಂದುಕೊಂಡೆ.

ರಕ್ತದಾನ ಶಿಬಿರದ ಬಗ್ಗೆ ಒಳ್ಳೆಯದೇ ಹೇಳಬೇಕು. ಮೂರು ಸಲ ಕೊಟ್ಟಿದ್ದೇನೆ. ಸ್ವಚ್ಛ, ಗಡಿಬಿಡಿ ಇಲ್ಲ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಮುಳುಗಿದರೆ ಪಾಸು, ತೇಲಿದರೆ ಮನೆಗೆ. ಹಿಮೋಗ್ಲೋಬಿನ್ 12.5 ಇರಬೇಕು, ತೂಕ 45 ಕೆಜಿಗೆ ಕಡಿಮೆ ಇರಬಾರದು, ವಯಸ್ಸು 18 ತುಂಬಿರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ನನ್ನ ಹನಿ ಮುಳುಗಿತು, ತಂಗಿಯದು ತೇಲಿತು, ಅವಳು ಆ ಸಿಟ್ಟಿಗೆ ಎರಡು ಬಿಸ್ಕತ್ತು ಪ್ಯಾಕೆಟ್ ಎತ್ತಿಕೊಂಡು ಬಂದಳು. ತಕರಾರು ದಿನಾಂಕದ ಬಗ್ಗೆ. ಆಗಸ್ಟ್ 15 ಬಂತು ಅಂದರೆ ಎಲ್ಲ ಕ್ಲಬ್ಬು, ಎಲ್ಲ ಸಂಘದವರೂ ಅವತ್ತೇ ಶಿಬಿರ. ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಒಂದೇ ದಿನ ರಾಶಿ ಹಾಕಿ ಏನು ಮಾಡುವುದು? ನಿಜವಾದ ಕೊರತೆ ಏಪ್ರಿಲ್, ಮೇನಲ್ಲಿ, ಕಾಲೇಜು ರಜೆ ಇದ್ದಾಗ. ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಅವರಿಗೆ ರಜೆ ಎಲ್ಲಿಯದು. ಈ ವರ್ಷ ಹುಡುಗರು ಹಟ ಮಾಡಿ ಮೇನಲ್ಲಿ ಒಂದು ಸಣ್ಣ ಶಿಬಿರ ಮಾಡಿಸಿದರು. ಫ್ಯಾನ್ ಕಡಿಮೆ ಇತ್ತು, ಜನವೂ ಕಡಿಮೆ. ಆದರೂ ಅದು ಆಗಸ್ಟಿನ ಶಿಬಿರಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿರುತ್ತದೆ.

ನನ್ನ ಎರಡನೇ ಜಗಳ ರಸೀದಿಯದು. ಹೋದ ವರ್ಷ 2,500 ರೂಪಾಯಿ ನಗದು ಕೊಟ್ಟೆ. "80ಜಿ ಸಿಗ್ತದಲ್ರಿ?" ಅಂತ ಕೇಳಿದೆ, ಅಂದರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ. "ಆಗ್ತದ ಬಿಡ್ರಿ, ನಮ್ಮ ಸಿಎ ನೋಡ್ಕೋತಾರ" ಅಂದರು. ರಿಟರ್ನ್ ತುಂಬುವಾಗ ಗೊತ್ತಾಯಿತು, ನಗದು 2,000 ದಾಟಿದರೆ ವಿನಾಯಿತಿ ಸಿಗುವುದೇ ಇಲ್ಲ. ಚೆಕ್ ಅಥವಾ ಯುಪಿಐ ಆಗಬೇಕಿತ್ತು. ದೇಣಿಗೆ ತಗೊಂಡಿದ್ದಕ್ಕೆ ಅವರು ಕೊಡಬೇಕಾದ 10ಬಿಇ ಸರ್ಟಿಫಿಕೇಟ್ ಕೂಡ ಬರಲಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಹೇಗೂ ಇಲ್ಲ, ಅವರು ತಲೆ ಕೆಡಿಸಿಕೊಳ್ಳಬೇಡಿ. ದುಡ್ಡು ಹೋಗಿದ್ದಕ್ಕಲ್ಲ ನನಗೆ ಬೇಜಾರು. ಗೊತ್ತಿಲ್ಲ ಅಂದಿದ್ದರೆ ನಾನೇ ವಿಚಾರಿಸಿಕೊಳ್ಳುತ್ತಿದ್ದೆ.

ಹುಡುಗರ ಈಗಿನ ಕೆಲಸ ರದ್ದಿ ಪೇಪರ್. ತಿಂಗಳಿಗೊಂದು ಭಾನುವಾರ ಕೈ ತಕ್ಕಡಿ ಹಿಡಿದು ಮನೆ ಮನೆಗೆ ಬರುತ್ತಾರೆ, ನಿಮ್ಮ ಮುಂದೆಯೇ ತೂಗಿ ಚೀಟಿ ಬರೆದು ಕೊಡುತ್ತಾರೆ, ಮಾರಿದ ದುಡ್ಡು ಮುರಿದ ಕನ್ನಡಕಗಳ ರಿಪೇರಿಗೆ. ಮಳೆಗಾಲದಲ್ಲಿ ಒಂದು ತಿಂಗಳು ಬರಲೇ ಇಲ್ಲ, ಹೇಳಲೂ ಇಲ್ಲ, ಪೇಪರ್ ನಮ್ಮ ಕಟ್ಟೆ ಮೇಲೆ ನೆನೆಯಿತು. ಮುಂದಿನ ತಿಂಗಳು ಬಂದಾಗ ಬೈದೆ, ಕೇಳಿಸಿಕೊಂಡರು. ಅವತ್ತು ತಗೊಂಡು ಹೋದ ಕಟ್ಟಿನ ನಡುವೆ ಮಗಳ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಸೇರಿಕೊಂಡುಬಿಟ್ಟಿತ್ತು, ನಮಗೆ ಗೊತ್ತೇ ಇಲ್ಲ. ಸಂಜೆ ಏಳಕ್ಕೆ ಒಬ್ಬ ಹುಡುಗ ಸೈಕಲ್ ಮೇಲೆ ಬಂದು ಕೊಟ್ಟು ಹೋದ. "ಗಣಿತದಾಗ ಭಾಳ ಛಲೋ ತಗೊಂಡಾರ್ರಿ ಅಕ್ಕಾರು" ಅಂತ ಬೇರೆ ಹೇಳಿದ. ಈ ಭಾನುವಾರ ಮತ್ತೆ ಬರುತ್ತಾರೆ. ಈ ಸಲ ಒಂದೊಂದೇ ಹಾಳೆ ಜಾಡಿಸಿ ನೋಡಿ ಕಟ್ಟು ಕಟ್ಟಿದ್ದೇನೆ.